ಗಿಡ್ಡ ಎಳೆಯ ಹಗ್ಗ

ಇಲಿಗೆ ಹಲ್ಲು ಕೊಟ್ಟ ದೇವರು ದಿನ ನೋಡಿ ಕಡಿಯುವ ಬುದ್ಧಿಯನ್ನು ಕೊಡಲಿಲ್ಲ. ಹತ್ತಿ ಗಿರಣಿಯ ಉಗ್ರಾಣದಲ್ಲಿ ವರ್ಷಪೂರ್ತಿ ಸುರುಳಿ ಸುತ್ತಿ ಮಲಗಿದ್ದ ದಪ್ಪ ಹಗ್ಗ ಅದರ ಬಾಯಿಗೆ ಬಿದ್ದದ್ದು ವಾರ್ಷಿಕ ಆಟೋಟಕ್ಕೆ ಸರಿಯಾಗಿ. ಅಂದು ಬೆಳಿಗ್ಗೆ ಬಾಗಿಲು ತೆರೆದ ಉಗ್ರಾಣಿಗೆ ಸಿಕ್ಕಿದ್ದು ಮೊಳದುದ್ದದ ತುಂಡುಗಳು.

ಈ ಉಗ್ರಾಣಿಯನ್ನು ಎಲ್ಲರೂ ತಕ್ಕಡಿ ಎನ್ನುತ್ತಿದ್ದರು. ಹತ್ತಿ ತೂಗುವ ಕೆಲಸದಿಂದ ಮಾತ್ರ ಬಂದ ಹೆಸರಲ್ಲ ಅದು. ಯಾರ ಮಾತಿಗೂ ಆ ಕಡೆಗಷ್ಟು ಈ ಕಡೆಗಷ್ಟು ತಲೆಯಾಡಿಸಿ ನಡುವೆ ನಿಲ್ಲುವುದು ಅವನ ಸ್ವಭಾವ. ನಿಲ್ಲದೆ ಇನ್ನೇನು ಮಾಡಿಯಾನು? ಗಿರಣಿಯಲ್ಲಿ ಉದ್ದ ಎಳೆಯ ಹತ್ತಿ ನೂಲಿನ ವಿಭಾಗಕ್ಕೆ ಹೋಗಿ ನಯವಾದ ನೂಲಾಗುತ್ತಿತ್ತು. ಬಾಚುವಾಗ ಉದುರಿದ ಗಿಡ್ಡ ಎಳೆ ಹಾಸಿಗೆ ವಿಭಾಗಕ್ಕೆ ಹೋಗಿ ದಿಂಬಿನ ಹೊಟ್ಟೆ ಸೇರುತ್ತಿತ್ತು. ನೂಲಿನ ಮೇಸ್ತ್ರಿ ಒಂದು ಮಾತು ಹೇಳಿದರೆ ತಕ್ಕಡಿಯ ಕೆಲಸ ಕಾಯಂ. ಹಾಸಿಗೆ ವಿಭಾಗದ ಮೇಸ್ತ್ರಿಯೋ, ಅವನ ಹೆಂಡತಿಯ ತಂದೆ. ಅವನಿದ್ದದ್ದು ಆ ಮಾವನ ಮನೆಯ ಮಹಡಿಯ ಕೋಣೆಯಲ್ಲಿ. ಸಂಜೆ ಈ ಎರಡು ವಿಭಾಗಗಳಿಗೂ ಹಗ್ಗಜಗ್ಗಾಟ. ತೀರ್ಪುಗಾರ ತಕ್ಕಡಿಯೇ.

"ಅಳಿಯಂದ್ರೇ, ಹಗ್ಗದ ನಡುವೆ ಕಟ್ಟಿದ ಕರ್ಚೀಫು ಒಂದು ಗೇಣು ನಮ್ಮ ಕಡೆ ಸರಿದ್ರೂ ಸೀಟಿ ಊದಿಬಿಡಿ," ಎಂದು ಮಾವ ಬೆಳಿಗ್ಗೆಯೇ ಹೇಳಿದ್ದರು. "ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ."

"ಅಪ್ಪ ತಮಾಷೆಗೆ ಹೇಳ್ತಿಲ್ಲ ಕಣ್ರೀ," ಎಂದಳು ಹೆಂಡತಿ. "ಅಷ್ಟಕ್ಕೂ ನೀವು ಯಾರ ಕಡೆ?"

"ನಾನು ಸೀಟಿ ಕಡೆ ಕಣೇ."

ಗಿರಣಿಯ ಬಾಗಿಲಲ್ಲಿ ನೂಲಿನ ಮೇಸ್ತ್ರಿ ಕಾದಿದ್ದ. "ದಿಂಬು ತುಂಬೋರ ಮುಂದೆ ಸೋತ್ರೆ ನಾನು ಮುಖ ಎತ್ಕೊಂಡು ತಿರುಗೋ ಹಾಗಿಲ್ಲ. ನಾನು ತಲೆ ತಗ್ಗಿಸಿದ ದಿನ ನಿನ್ನ ಕೆಲಸಾನೂ ತಗ್ಗಿತು ಅಂತ ತಿಳ್ಕೋ."

ಹಗ್ಗದ ಸುದ್ದಿ ತೆಗೆದುಕೊಂಡು ತಕ್ಕಡಿ ಯಜಮಾನರ ಕೋಣೆಗೆ ಹೋದ. ಯಜಮಾನರು ಬಾಗಿದ ಮೊಳೆಯನ್ನೂ ತಟ್ಟಿ ನೆಟ್ಟಗೆ ಮಾಡಿಸುವವರು. ಹೊಸ ಹಗ್ಗ ಕೊಳ್ಳಬೇಕಾದೀತೆಂದು ಗಿರಣಿಯ ಹೊಗೆಗೂಡಿಗೆ ಬಣ್ಣ ಬಳಿಯುವ ಕೆಲಸವನ್ನೇ ವರ್ಷಗಟ್ಟಲೆ ಮುಂದೂಡಿದ್ದರು.

"ಹತ್ತಿ ಗಿರಣಿ ಇಟ್ಕೊಂಡು ಯಾರಾದ್ರೂ ಹಗ್ಗ ಕೊಳ್ತಾರೇನಯ್ಯ? ಹೊಸೆಸು, ಹೋಗು!"

ಹೊರಗೆ ಬಂದು ಮೆಟ್ಟಿಲಿಳಿಯುವಾಗ ತಕ್ಕಡಿಗೆ ಬೆಳಕು ಕಂಡಿತು. ಹಗ್ಗವೇ ಹರಿದರೆ? ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಹಗ್ಗ ಹರಿಯದು, ಕೋಲು ಮುರಿಯದು ಎಂದು ಜನ ಅವನನ್ನು ಆಡಿಕೊಳ್ಳುತ್ತಿದ್ದರಲ್ಲ, ಇವತ್ತೊಂದು ದಿನ ಹರಿಯಲಿ! ಬಾಚುವ ಯಂತ್ರದ ಕೆಳಗೆ ಬಿದ್ದಿದ್ದ ಗಿಡ್ಡ ಎಳೆಯನ್ನೆಲ್ಲ ಗುಡಿಸಿ ಚೀಲಗಳಿಗೆ ತುಂಬಿಸಿಕೊಂಡು, ಗಿರಣಿಯ ಹಿಂದೆ ಹಗ್ಗ ಹೊಸೆಯುವ ಮುದುಕಿಯ ಬಳಿಗೆ ಓಡಿದ.

ಮುದುಕಿ ಒಂದು ಚಿಟಿಕೆ ಎಳೆದು ನೋಡಿದಳು. "ಇದರಲ್ಲಿ ಹಗ್ಗಾನಾ? ಇದನ್ನ ದಿಂಬಿಗೆ ತುಂಬಿ ಮಲಗಪ್ಪ. ಉದ್ದ ಎಳೆ ಒಂದರ ಪಕ್ಕ ಒಂದು ಬಹಳ ದೂರ ಜೊತೆಗೆ ಬರುತ್ತೆ. ಜಗ್ಗಿದ್ರೆ ಒಂದನ್ನೊಂದು ಬಿಡಲ್ಲ. ಗಿಡ್ಡದ್ದು ಕೈ ಹಿಡಿಯೋಷ್ಟರಲ್ಲೇ ಮುಗಿದುಹೋಗುತ್ತೆ."

"ನನಗೆ ಅಂಥದ್ದೇ ಬೇಕು ಅಜ್ಜಿ. ಹುರೀನೂ ಸಡಿಲವಾಗಿರ್ಲಿ."

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸಡಿಲ ಹುರಿ ನನ್ನ ಕೈಗೆ ಬರಲ್ಲ. ಮೊದಲು ನಮ್ಮವರು ಆ ತುದೀಲಿ ಕೂತು ಚಕ್ರ ತಿರುಗಿಸ್ತಿದ್ರು. ಅವರು ಹೋದ್ಮೇಲೆ ಆ ತುದಿ ಹಾಗೇ ಇದೆ. ನೀನೇ ಕೂತು ತಿರುಗಿಸು. ಎಷ್ಟು ಸಡಿಲ ಬೇಕೋ ಅಷ್ಟು ನಿನ್ನ ಕೈಯಲ್ಲೇ ಇದೆ."

ತಕ್ಕಡಿ ಮಗುವಿನ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ಚಕ್ರ ತಿರುಗಿಸಿದ. ಅಷ್ಟರಲ್ಲಿ ನೂಲಿನ ಮೇಸ್ತ್ರಿ ಬಂದು ತಲೆಯ ಮೇಲೆ ನಿಂತ. "ಏನೋ ಅದು, ನಿದ್ದೆ ಮಾಡ್ತಿದ್ದೀಯಾ? ಬಿಗಿಯಾಗಿ ತಿರುಗಿಸೋ!" ಬೈಗುಳ ಕೇಳಿದರೆ ಕೈ ತಾನಾಗಿ ಚುರುಕಾಗುವುದು ತಕ್ಕಡಿಯ ಹುಟ್ಟುಗುಣ. ಚಕ್ರ ಗಿರ್ರನೆ ತಿರುಗಿತು. ಮೇಸ್ತ್ರಿ ಹೋದ ಎನ್ನುವಾಗ ಮಾವ ಬಂದರು. "ಅಳಿಯಂದ್ರೇ, ಊಟ ಮಾಡಿಲ್ವಾ? ಇನ್ನೂ ಬಿಗಿ, ಇನ್ನೂ ಬಿಗಿ!" ಚಕ್ರ ಮತ್ತೆ ಗಿರ್ರೆಂದಿತು.

"ಹುರಿ ಏರಿಬಿಡ್ತಲ್ಲಪ್ಪ," ಎಂದಳು ಮುದುಕಿ. "ಇಷ್ಟು ಹುರಿ ಬಿದ್ರೆ ಗಿಡ್ಡ ಎಳೇನೂ ಹಲ್ಲು ಕಚ್ಚಿ ಹಿಡ್ಕೊಳ್ಳುತ್ತೆ."

"ಎಷ್ಟು ಹೊತ್ತು ಅಜ್ಜಿ?"

"ಅದನ್ನ ಎಳೆಯೋರನ್ನ ಕೇಳು."

ಸಂಜೆ ಅಂಗಳದಲ್ಲಿ ಗಿರಣಿಗೆ ಗಿರಣಿಯೇ ಸೇರಿತ್ತು. ತಕ್ಕಡಿ ಸೀಟಿ ಊದಿದ. ಎರಡು ಕಡೆಯವರೂ ಜಗ್ಗಿದರು. ಹಗ್ಗ ಹರಿಯಲಿಲ್ಲ, ಧೂಳೆಬ್ಬಿಸಿದ ಹಾಗೆ ಹತ್ತಿ ಉದುರಿಸತೊಡಗಿತು. ನೋಡನೋಡುತ್ತ ಎರಡೂ ಪಂಗಡ ಹಿಟ್ಟಿನ ಮೂಟೆಯಲ್ಲಿ ಉರುಳಿ ಬಂದವರಂತೆ ಬೆಳ್ಳಗಾಯಿತು. ಈ ಕಡೆಯವರು ಸೀನಿದಾಗ ಕರ್ಚೀಫು ಆ ಕಡೆಗೆ ಹೋಗುತ್ತಿತ್ತು, ಆ ಕಡೆಯವರು ಸೀನಿದಾಗ ಈ ಕಡೆಗೆ.

"ಊದ್ರೀ ಅಳಿಯಂದ್ರೇ!" ಎಂದು ಮಾವ ಕಿರುಚಿದರು.

"ಊದಿದ್ರೆ ನೋಡು!" ಎಂದು ಮೇಸ್ತ್ರಿ ಗುಡುಗಿದ.

ತಕ್ಕಡಿ ಕಣ್ಣು ಮುಚ್ಚಿ, ಗೊತ್ತಿದ್ದ ದೇವರನ್ನೆಲ್ಲ ನೆನೆದ. ಇಂಥ ಮೊರೆ ದೇವರಿಗೂ ಹೊಸದೇ ಇರಬೇಕು. ಸ್ವಲ್ಪ ತಡವಾಗಿ ಕೇಳಿಸಿತು. ಹಗ್ಗ ನಡುವೆ ತೆಳ್ಳಗಾಗಿ, ಗಡ್ಡದಂತೆ ಕೆದರಿ, ಕೊನೆಗೆ ಸದ್ದೇ ಇಲ್ಲದೆ ಕೈಬಿಟ್ಟಿತು. ಎರಡು ಕಡೆಯವರೂ ಜೋಡಿಸಿಟ್ಟ ಬಿಂದಿಗೆಗಳಂತೆ ಒಬ್ಬರ ಮೇಲೊಬ್ಬರು ಉರುಳಿದರು.

"ಸಮ! ಸಮ!" ಎಂದು ತಕ್ಕಡಿ ಕುಣಿದ.

ಮೇಸ್ತ್ರಿಯೂ ಮಾವನೂ ಸೊಂಟ ಹಿಡಿದುಕೊಂಡು ಎದ್ದರು. ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಅವನನ್ನು ನೋಡಿದರು.

"ಈ ಹಗ್ಗಕ್ಕೆ ಹಾಕಿದ್ದು ಯಾವ ಹತ್ತಿ?"

ಅಷ್ಟರಲ್ಲಿ ಯಜಮಾನರು ಬಂದು ಹರಿದ ತುದಿಯಿಂದ ಒಂದು ಎಳೆ ಕಿತ್ತು ಅಂಗೈ ಮೇಲಿಟ್ಟುಕೊಂಡರು. ಎಳೆ ಉಗುರಿನಷ್ಟೂ ಉದ್ದವಿರಲಿಲ್ಲ.

"ಇದು ಗುಡಿಸಿ ಹಾಕೋ ಹತ್ತಿ ಅಲ್ವೇನಯ್ಯ?"

ತಕ್ಕಡಿ ತಲೆಯಾಡಿಸಿದ. "ಹೌದು ಸ್ವಾಮಿ."

"ಕಸದಲ್ಲಿ ಹಗ್ಗ! ಅದನ್ನ ಇಷ್ಟು ಜನ ಜಗ್ಗಿದ್ರೂ ಇಷ್ಟು ಹೊತ್ತು ತಡೀತು!" ಯಜಮಾನರ ಕಣ್ಣಲ್ಲಿ ನೀರಾಡಿತು. "ಇಷ್ಟು ಜನಾನ ತಡೆದದ್ದು ಒಬ್ಬ ಮನುಷ್ಯನ್ನ ತಡೆಯಲ್ವಾ? ಇಂಥದ್ದೇ ಇನ್ನೊಂದು ಹೊಸೆಸಿ, ಹೊಗೆಗೂಡಿನ ಬಣ್ಣದ ಕೆಲಸ ನಾಳೆ ಬೆಳಿಗ್ಗೇನೇ ಶುರು. ಇದರ ಬಲ ನಿನಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಮೇಲಿಂದ ನಿನ್ನನ್ನೇ ಇಳಿಬಿಡಿಸ್ತೀನಿ. ಕೆಳಗೆ ಬಂದ್ಮೇಲೆ ನಿನ್ನ ಕೆಲಸ ಕಾಯಂ."

ತಕ್ಕಡಿ ಹೊಗೆಗೂಡಿನ ತುದಿಯನ್ನು ನೋಡಿದ. ಒಂದು ಕಾಗೆ ಅಲ್ಲಿ ಕೂರಲು ಹೋಗಿ, ಎತ್ತರ ನೋಡಿ ಮನಸ್ಸು ಬದಲಿಸಿತು. ಹರಿಯಲೆಂದೇ ಮಾಡಿಸಿದ ಹಗ್ಗ ಎಂದು ಹೇಳಿಬಿಡಲು ಅವನು ಬಾಯಿ ತೆರೆದ. ಎದುರಿಗೆ ಮೇಸ್ತ್ರಿ, ಪಕ್ಕದಲ್ಲಿ ಮಾವ. ಬಾಯಿ ಮುಚ್ಚಿದ.

"ಮೇಲೆ ಹಗ್ಗ ಹಿಡ್ಕೊಳ್ಳೋಕೆ ನಾನಿದೀನಿ," ಎಂದ ಮೇಸ್ತ್ರಿ, ಬೆನ್ನು ನೀವಿಕೊಳ್ಳುತ್ತ.

"ನಾನೂ ಇದೀನಿ," ಎಂದರು ಮಾವ. ಇಬ್ಬರೂ ಒಂದೇ ಮಾತಿಗೆ ಬಂದದ್ದನ್ನು ಗಿರಣಿ ಅಂದೇ ಮೊದಲು ಕಂಡದ್ದು.

ತಕ್ಕಡಿ ಉಗ್ರಾಣದಿಂದ ಉದ್ದ ಎಳೆಯ ಒಳ್ಳೆಯ ಹತ್ತಿಯನ್ನು ಎದೆಗವಚಿಕೊಂಡು ಮುದುಕಿಯ ಬಳಿಗೆ ಮತ್ತೆ ಓಡಿದ. ಮುದುಕಿಯ ಮುಂದೆ ಗುಡಿಸಿದ ಹತ್ತಿಯ ಚೀಲಗಳು ಆಗಲೇ ಬಂದು ಕುಳಿತಿದ್ದವು.

"ಯಜಮಾನರು ಈಗ ತಾನೇ ಕಳಿಸಿದ್ರು. ಉದ್ದ ಎಳೆ ಮುಟ್ಟಕೂಡದಂತೆ," ಎಂದು ಮುದುಕಿ ಎಳೆ ಬಿಡಿಸುತ್ತ ಕೇಳಿದಳು. "ಹುರಿ ಹೇಗಿರ್ಲಪ್ಪ? ಬೆಳಿಗ್ಗೆ ನೀನು ಹೇಳಿದ ಹಾಗೆ ಸಡಿಲ ತಾನೆ?"