ಚಂದ್ರಿಯ ಮೂರು ತಾಸು

ಲಗಮವ್ವನಿಗೆ ಉಬ್ಬಸ ಬಂತು. ಡಾಕ್ಟರು ಅದನ್ನು ನಾಯಿಯ ತಲೆಗೆ ಕಟ್ಟಿದರು. "ಮನ್ಯಾಗ ನಾಯಿ ಇರಬಾರದು" ಎಂಬ ಅವರ ಒಂದೇ ಮಾತಿಗೆ ಅವಳ ಗಂಡ, ಮುಧೋಳದ ಮಾಳಿಂಗರಾಯ, ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಹೆಂಡತಿಯನ್ನು ಬಿಡುವಂತಿಲ್ಲ, ನಾಯಿಯನ್ನು ಬಿಡಲು ಮನಸ್ಸಿಲ್ಲ. ಕಡೆಗೆ ಮುಧೋಳದ ತಳಿಯೇ ಬೇಕೆಂದು ಹಂಬಲಿಸುತ್ತಿದ್ದ ಗುವಾಹಟಿಯ ನಿವೃತ್ತ ಕರ್ನಲ್ ಒಬ್ಬರಿಗೆ ತನ್ನ ಚಂದ್ರಿಯನ್ನು ಪುಕ್ಕಟೆ ಕೊಟ್ಟುಬಿಟ್ಟ. ಅವರ ಆಳು ನಿನ್ನೆ ಜೀಪಿನಲ್ಲಿ ಅದನ್ನು ಪುಣೆಗೆ ಒಯ್ದಿದ್ದ. ಇಂದು, ಮಂಗಳವಾರ, ಹತ್ತಕ್ಕೆ ವಿಮಾನ.

ಒಂಬತ್ತಕ್ಕೇ ಮಾಳಿಂಗರಾಯನ ಮನೆಯ ಕಟ್ಟೆ ತುಂಬಿತು. ಪಕ್ಕದ ಮನೆಯ ಶಿವಯೋಗೆಪ್ಪ ಮಾಸ್ತರರು ಮೊಬೈಲ್ ನೋಡಿ ತೀರ್ಪು ಕೊಟ್ಟರು: "ಎರಡ ಸಾವಿರ ಕಿಲೋಮೀಟರ್. ಮೂರ ತಾಸು. ನಾವು ಬಾಗಲಕೋಟಿಗೆ ಹೋಗಿ ಬರೂ ಹೊತ್ತು, ಅಷ್ಟ."

"ಮೂರ ತಾಸು ಡಬ್ಬ್ಯಾಗ?" ಕಿರಾಣಿ ಅಂಗಡಿಯ ಅಂದಾನೆಪ್ಪ ಲೊಚಗುಟ್ಟಿದ. "ಸಾಮಾನ ಇಡೂ ಕಡೆ ಬರ್ಫದಂಗ ಥಂಡಿ ಇರತೈತಂತ!"

ಮಾಳಿಂಗರಾಯ ಬಾಯಿಯವರೆಗೆ ತಂದಿದ್ದ ಚಹಾ ಕೆಳಗಿಟ್ಟ. ಚಂದ್ರಿ ಇಳಿಯುವ ತನಕ ಹನಿ ನೀರೂ ಒಲ್ಲೆ ಎಂದ.

"ನನ್ನ ಆಪರೇಷನ್ ದಿನ ದವಾಖಾನಿ ಮುಂದ ನಿಂತು ಎರಡ ಪ್ಲೇಟ್ ಮಿರ್ಚಿ ಭಜಿ ತಿಂದಿದ್ರಿ," ಎಂದು ಲಗಮವ್ವ ಒಳಗಿನಿಂದ ಕೆಮ್ಮುತ್ತಲೇ ಅಂದಳು. ಹಾಗೆ ಅಂದವಳೂ ಬೆಳಗಿನಿಂದ ಏನೂ ತಿಂದಿರಲಿಲ್ಲ.

ಮಾಸ್ತರರು ಕೂತಲ್ಲೇ ವಿಮಾನವನ್ನು ಊರೂರು ದಾಟಿಸುತ್ತ ಹೋದರು. "ಈಗ ನಾಗಪುರ ದಾಟಿರಬೇಕು" ಎನ್ನುವಷ್ಟರಲ್ಲಿ ಮಾಳಿಂಗರಾಯ ಹಸಿವಿಗೆ ತಲೆ ತಿರುಗಿ ಬಿದ್ದ. ಅವನ ಮುಖಕ್ಕೆ ನೀರು ಚಿಮುಕಿಸುತ್ತಿರುವಾಗ ದಾರಿಹೋಕನೊಬ್ಬ ಗುಂಪು ನೋಡಿ ಟೊಪ್ಪಿಗೆ ತೆಗೆದು ಮೆಲ್ಲಗೆ ಕೇಳಿದ: "ಮಣ್ಣ ಮಾಡೂದು ಎಷ್ಟ ಗಂಟೆಕ್ರಿ?"

ಒಂದೂವರೆಗೆ ಕರ್ನಲ್ ಫೋನ್ ಮಾಡಿದರು. ಚಂದ್ರಿ ಆರಾಮಾಗಿ ಇಳಿದಿತ್ತು. ಕಟ್ಟೆಗೆ ಜೀವ ಬಂತು. ಲಗಮವ್ವ ರೊಟ್ಟಿ ಬಡಿದು ಗಂಡನ ಮುಂದೆ ಇಡುವಷ್ಟರಲ್ಲಿ ಮೂರು ದಾಟಿತ್ತು. ಅವನು ಒಂದು ತುತ್ತು ಮುರಿದಿದ್ದನೋ ಇಲ್ಲವೋ, ಮತ್ತೆ ಫೋನ್. ಕಾರಿನಿಂದ ಇಳಿಸುವಾಗ ಚಂದ್ರಿ ಹಗ್ಗ ಕಿತ್ತುಕೊಂಡು ಓಡಿಹೋಗಿತ್ತು. ಎಲ್ಲ ಕಡೆ ಹುಡುಕಿದರೂ ಸಿಕ್ಕಿರಲಿಲ್ಲ.

ಕಟ್ಟೆಯ ಮೇಲೆ ಕೇಕೆ ಎದ್ದಿತು.

"ಬರತೈತಿ ತಗೋಲೇ!" ಅಂದಾನೆಪ್ಪ ತೊಡೆ ತಟ್ಟಿದ. "ಹ್ವಾದ ವರ್ಷ ಲೋಕಾಪುರದಾಗ ನಿನ್ನ ಅಳಿಯಾಗ ಕೊಟ್ಟಾಗ ಒಂದ ರಾತ್ರ್ಯಾಗ ತಿರುಗಿ ಬರಲಿಲ್ಲೇನು?"

"ದಿನಕ್ಕ ನಾಕನೂರ ಕಿಲೋಮೀಟರ್ ಹಿಡಿ," ಮಾಸ್ತರರು ಬೆರಳು ಮಡಚಿದರು. "ಐದ ದಿನ. ಐತವಾರ ಸಂಜಿಕ ನಿನ್ನ ಬಾಗಲದಾಗ ನಿಂತಿರತೈತಿ!"

ಲಗಮವ್ವ ಹೊಸ್ತಿಲಿಗೆ ಬಂದಳು. ಅವಳ ಕಣ್ಣು ತುಂಬಿತ್ತು. "ಬರಲಿ ಬಿಡ್ರಿ. ಕೆಮ್ಮಿದ್ರ ಕೆಮ್ಮತೇನಿ. ಇನ್ನ ಎಲ್ಲೂ ಕಳಸೂದು ಬ್ಯಾಡ."

ಮಾಳಿಂಗರಾಯ ಒಬ್ಬನೇ ನಗಲಿಲ್ಲ.

"ಸರ, ಲೋಕಾಪುರಕ್ಕ ಅದು ನನ್ನ ಸೈಕಲ್ ಹಿಂದ ಓಡಕೋಂತ ಬಂದಿತ್ರಿ. ಅದ ದಾರಿ ಮೂಸಕೋಂತ ಮನಿಗೆ ಬಂತು. ಈ ಸಲ ಮುಗಿಲಾಗ ಒಯ್ದಾರ. ಏನ್ ಮೂಸಕೋಂತ ಬರಬೇಕ್ರಿ ಅದು?"

ಮಾಸ್ತರರ ಮಡಚಿದ ಬೆರಳು ಹಾಗೇ ಉಳಿದವು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಹೋದರು. ಮಾಳಿಂಗರಾಯ ಮುರಿದ ತುತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಅಳತೊಡಗಿದ.