ಕೆಡಲೆಂದು ಬೇಡಿದ ಬಾತುಕೋಳಿ

ಕಳೆದ ಕಾರ್ತಿಕ ಏಕಾದಶಿಗೆ ಪಂಢರಪುರದಲ್ಲಿ ತುಳಸಿಮಾಲೆ ಹಾಕಿಸಿಕೊಂಡು ಬಂದೆ. ನಮ್ಮ ಕಡೆ ಅದಕ್ಕೆ ಮಾಳ ಎನ್ನುತ್ತಾರೆ. ಅಂದಿನಿಂದ ನನಗೆ ಮಾಂಸ ವರ್ಜ್ಯ. ಆದರೆ ವಿಠ್ಠಲ ಬಿಡಿಸಿದ್ದು ತಿನ್ನುವುದನ್ನಷ್ಟೇ, ಬೇಯಿಸುವುದನ್ನಲ್ಲ ಎಂದು ನಮ್ಮನೆಯವರ ವ್ಯಾಖ್ಯಾನ. (ಅವರು ಪಂಢರಪುರವನ್ನು ಬಸ್ಸಿನ ಬೋರ್ಡಿನ ಮೇಲಷ್ಟೇ ಕಂಡವರು.) ಹಿತ್ತಲಿನ ಮಾಂಸದ ಒಲೆಯಿಂದ ಬಿಡುಗಡೆ ಕೋರಿ ನಾನು ಸಲ್ಲಿಸಿದ ಅರ್ಜಿಗಳೆಲ್ಲ ವಜಾ ಆಗಿದ್ದವು.

ಸಂಕ್ರಾಂತಿಗೆ ಮಗಳು ನೀಲಮ, ಸಮಾಧಾನ ಎಂಬ ಹೆಸರಿನ ಹೊಸ ಅಳಿಯ ಹಾರೂಗೇರಿಯಿಂದ ಬಂದರು. ಪುಣೆಯ ಯಾವುದೋ ಹೋಟೆಲಿನಲ್ಲಿ ತಿಂದ ಇಡೀ ಬಾತುಕೋಳಿಯ ಪುರಾಣವನ್ನು ಅಳಿಯ ತೆಗೆದ. ಜೇನು ಸವರಿ ಸುಟ್ಟದ್ದಂತೆ. ಮುಖ ಕಾಣುವಷ್ಟು ಹೊಳೆಯುತ್ತಿತ್ತಂತೆ.

"ಅದೇನ್ ದೊಡ್ಡ ಮಾತ್ರಿ? ನಾಳಿ ಕರಿ ಐತಿ. ನಿಮ್ಮತ್ತಿ ಮಾಡ್ತಾಳ," ಎಂದುಬಿಟ್ಟರು ನಮ್ಮವರು.

ಕರಿ ಎಂದರೆ ಹಬ್ಬದ ಮರುದಿನ, ಊರೆಲ್ಲ ಮಾಂಸ ಬೇಯುವ ದಿನ. ಅವರನ್ನು ಒಳಗೆ ಕರೆದೆ.

"ರೀ, ನಾ ಬಾತುಕೋಳಿ ಎಂದೂ ಮಾಡಿಲ್ಲ. ರುಚಿ ನೋಡಾಕೂ ಬರೂದಿಲ್ಲ. ಕೆಟ್ಟರ?"

"ಕೆಟ್ಟರ ಇನ್ನ ಮ್ಯಾಲೆ ಆ ಒಲಿ ಮುಟ್ಟಂತ ನಿನಗ ಹೇಳೂದಿಲ್ಲ. ನಿನ್ನಾಣಿ!"

ದೇವರ ಮುಂದೆ ಹೆಣ್ಣುಮಕ್ಕಳು ಏನೇನೋ ಬೇಡುತ್ತಾರೆ. 'ವಿಠ್ಠಲಾ, ಈ ಬಾತುಕೋಳಿ ಕೆಡಲಿ' ಎಂದು ಬೇಡಿದವಳು ಬಹುಶಃ ನಾನೊಬ್ಬಳೇ. ಕೈಯಾರೆ ಕೆಡಿಸಿದರೆ ಪಾಪ. ತಾನಾಗಿ ಕೆಟ್ಟರೆ ಪ್ರಸಾದ.

ಮರುದಿನ ಭೋಜ ಊರಿನ ಲಗಮಣ್ಣನ ಹೊಂಡದ ಬಾತುಕೋಳಿ ಕೊಯ್ಸಿಕೊಂಡು ಸ್ವಚ್ಛವಾಗಿ ಮನೆಗೆ ಬಂತು. ಜೇನಿನ ಬದಲು ಗಾಣದಿಂದ ತಂದ ಕಾಕವಿ, ಅಂದರೆ ನೀರುಬೆಲ್ಲ. ಉಪ್ಪು, ಖಾರ, ಬೆಳ್ಳುಳ್ಳಿ, ಹುಣಸೆರಸ ತಿಕ್ಕಿ, ಮೇಲೆ ಕಾಕವಿ ಸವರಿ, ದಪ್ಪ ಪಾತೇಲಿಯಲ್ಲಿಟ್ಟು ಮುಚ್ಚಳದ ಮೇಲೂ ಕೆಂಡ ಹಾಕಿದೆ.

"ಅತ್ತೀ, ಹತ್ತ್ ಹತ್ತ್ ಮಿನಿಟಿಗೆ ತಗದು ಸವರಬೇಕ್ರಿ, ಬೆಂಕಿ ಜೋರ ಇರಬೇಕು," ಎಂದು ಅಳಿಯ ಮೊಬೈಲ್ ನೋಡಿ ಆಜ್ಞಾಪಿಸಿದ.

ಅಷ್ಟರಲ್ಲಿ ಪಕ್ಕದ ಮನೆಯ ಶಿವಗಂಗವ್ವ ಬಂದು ಕಟ್ಟೆಯ ಮೇಲೆ ಕೂತಳು. "ಅಕ್ಕಾ, ನಮ್ಮ ಸೊಸಿ ಏನ್ ಮಾಡ್ಯಾಳ ಗೊತ್ತೈತೇನ?"

ನನಗಿರುವ ಒಂದೇ ರೋಗವೆಂದರೆ ಇನ್ನೊಬ್ಬರ ಮಾತನ್ನು ನಡುವೆ ಕತ್ತರಿಸಲಾರೆ. ಒಮ್ಮೆ ಏಳಲು ಹೋದೆ.

"ಕುಂಡ್ರ ಬೇ, ಇನ್ನಾ ಕಥಿ ಸುರುನ ಆಗಿಲ್ಲ!"

ಕುಳಿತೆ. ಸೊಸೆಯ ಮೇಲಿನ ದೋಷಾರೋಪಣ ಪಟ್ಟಿ ಮುಗಿಯಲು ಎರಡು ತಾಸು ಹಿಡಿಯಿತು. ಕೆಂಡವೆಲ್ಲ ಬೂದಿ. ವಿಠ್ಠಲ ಮೊರೆ ಕೇಳಿದ ಎಂದುಕೊಂಡು, ಕೈಮುಗಿದು ಮುಚ್ಚಳ ತೆಗೆದೆ.

ಸಣ್ಣ ಕಾವಿನಲ್ಲಿ ತನ್ನ ಕೊಬ್ಬಿನಲ್ಲೇ ಬೆಂದ ಬಾತುಕೋಳಿ, ಪಾಲಿಶ್ ಹಚ್ಚಿದ ತೇಗದ ಕಪಾಟಿನಂತೆ ಹೊಳೆಯುತ್ತಿತ್ತು. ಅದರ ಎದೆಯ ಮೇಲೆ ನನ್ನ ಮುಖ ಮಾಳ ಸಮೇತ ಕಂಡಿತು.

ಅಳಿಯ ತಲೆ ಎತ್ತದೆ ಉಂಡ. ಎಲುಬು ಚೀಪಿದ ಮೇಲೆ ಬಾಯಿ ಬಿಟ್ಟ. "ಅತ್ತೀ, ಆ ಹೋಟೆಲ್‌ನಾವ ಇಲ್ಲಿ ಬಂದ ಕಲೀಬೇಕ್ರಿ!"

ನಮ್ಮವರು ನನ್ನ ಕಡೆ ನೋಡಿ ಮೀಸೆ ಒರೆಸಿಕೊಂಡರು. "ಕೆಡಲಿಲ್ಲಲ್ಲ?"

ನಾನು ಮಜ್ಜಿಗೆ ಅನ್ನ ಕಲಸಿಕೊಂಡೆ.

ಎರಡು ದಿನ ಬಿಟ್ಟು ಅಳಿಯನ ತಾಯಿ ಸುಂದ್ರವ್ವನವರ ಫೋನು.

"ಬೀಗತ್ಯಾರ, ಹೋಳಿ ಕರಿಗೆ ನೀವ ಬರಬೇಕ್ರಿ. ನಾಕ ಬಾತುಕೋಳಿ ಹೇಳಿಬಿಟ್ಟೀವಿ. ನಿಮ್ಮ ಮಗಳ ಕೈಲಿ ಆಗೂದಿಲ್ಲಂತ ಆಕಿನ ಅಂದಾಳ."

"ನೀವ ಅದೀರಲ್ರಿ?"

"ನಂದ ಹೆಂಗ ಆಗ್ತೈತ್ರಿ? ಹೋದ ಏಕಾದಶಿಗೆ ನಾ ಮಾಳ ಹಾಕ್ಕೊಂಡೀನಿ. ಆ ಒಲಿ ಕಡೆ ಹಾಯೂದಿಲ್ಲಂದೆ, ಮನೀ ಮಂದಿ ಒಂದ ಮಾತಿಗೆ ಹೂಂ ಅಂದ್ರು. ಮಾಳ ಅಂದ್ರ ಸುಮ್ನ ಅಲ್ರಿ ಬೀಗತ್ಯಾರ, ಭಾಳ ನೇಮ ಇರತಾವು. ನಿಮಗ ಹೇಳ್ತೀನಿ ಕೇಳ್ರಿ..."

ಅರ್ಧ ತಾಸು ಮಾಳದ ಮಹಿಮೆ ಹೇಳಿದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನನ್ನ ಮಾಳ ಹಿಡಿದು, ಮಾತು ಮುಗಿಯಲೆಂದು ಕಾದೆ. ಮುಗಿಯಿತು.

"ಹಂಗಾರ ಬರತೀರಲ್ರಿ?"

"ಹೂಂನ್ರಿ," ಎಂದೆ.