ಎಣಿಕೆಗೆ ಮುಂಚೆಯೇ ಮೈಸೂರು ಪಾಕು

ನಮ್ಮ ಎದುರುಮನೆ ಮೇಷ್ಟ್ರ ಪಕ್ಕ ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡವರು ಇಡೀ ಚಾಮರಾಜಪೇಟೆಯಲ್ಲಿ ಒಬ್ಬರೂ ಇಲ್ಲ. ನಾನಂತೂ ಮದುವೆಮನೆಗೆ ಹೋದರೆ ಮೊದಲು ಅವರೆಲ್ಲಿ ಕೂತಿದ್ದಾರೆಂದು ನೋಡಿ, ಆಮೇಲೆ ಎಲೆ ಹಿಡಿಯುತ್ತೇನೆ. ಯಾಕೆ ಅಂತೀರಾ? ತಮ್ಮೂರಿನ ವಿಧಾನಸಭಾ ಕ್ಷೇತ್ರದ ಚರಿತ್ರೆ ಅವರಿಗೆ ಪೂರ್ತಿ ಬಾಯಿಪಾಠ! ಸಾರಿಗೆ ನಾಮಪತ್ರ, ಹುಳಿಗೆ ಪ್ರಚಾರ, ಪಾಯಸ ಬರುವ ಹೊತ್ತಿಗೆ ಯಾರದೋ ಠೇವಣಿ ಹೋಗಿರುತ್ತದೆ. ಹೂಂಗುಟ್ಟುತ್ತ ಕೂತ ನಮ್ಮ ಎಲೆಯಲ್ಲಿ ಅನ್ನ ಆರಿರುತ್ತದೆ.

ಅದು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಮೇಷ್ಟ್ರೂ ಅದೇ ಪಂಗಡದವರು, ನಾಯಕ ಜನಾಂಗ. ಇಲ್ಲಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಮೀಸಲಾಗುವ ಮುಂಚಿನ ಚುನಾವಣೆಗಳನ್ನೆಲ್ಲ ಕಹಿ ಕಷಾಯ ಕುಡಿದಂತೆ ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಮೀಸಲಾದ ಮೇಲಿನದಕ್ಕೆ ಬಂದರೋ, ರಾಗಾಲಾಪನೆ! ಯಾರು ಯಾವ ಪಕ್ಷಕ್ಕೆ ಹಾರಿದ, ಯಾರ ಭಾವಮೈದುನ ಯಾರಿಗೆ ಕೈಕೊಟ್ಟ, ಒಂದನ್ನೂ ಬಿಡುವುದಿಲ್ಲ.

ಇದನ್ನಾದರೂ ಸಹಿಸಬಹುದು. ಎಣಿಕೆಯ ದಿನ, ಇನ್ನೂ ಮೊದಲ ಸುತ್ತೂ ಮುಗಿದಿರುವುದಿಲ್ಲ, ವಿಶ್ವೇಶ್ವರಪುರದಿಂದ ಮೈಸೂರು ಪಾಕು ತಂದು ಮನೆಮನೆಗೂ ಹಂಚುತ್ತಾರೆ. ಯಾರು ಗೆದ್ದರು ಎಂದು ಕೇಳಿದರೆ, "ಗೊತ್ತಿಲ್ಲ, ಇನ್ನೂ ಎಣಿಸ್ತಾ ಇದಾರೆ. ನೀವು ತಗೊಳ್ಳಿ" ಎನ್ನುತ್ತಾರೆ. ಒಂದು ಸಲ ನಮ್ಮ ಬೀದಿಯ ಪುಢಾರಿ, ಇವರು ತನ್ನ ಪಕ್ಷದವರೇ ಎಂದುಕೊಂಡು ಹಾರ ಹಾಕಿದ. ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷದವನೂ ಹಾಕಿದ! ಎರಡು ಸಲವೂ ಹಾರವನ್ನು ಹಸುವಿಗೆ ತಿನ್ನಿಸಿದ ಮೇಷ್ಟ್ರು, ಮಾರನೆಯ ದಿನದಿಂದಲೇ ಗೆದ್ದವನನ್ನು ಬೈಯಲು ಕೂತರು. ಐದು ವರ್ಷ, ಬಿಡುವಿಲ್ಲದೆ!

ಕಳೆದ ಚುನಾವಣೆಯಲ್ಲಿ ಅವರ ತಂಗಿಯ ಮಗನೇ ಅಲ್ಲಿ ನಿಂತ. ಎತ್ತಿ ಆಡಿಸಿದ ಹುಡುಗ. ಪ್ರಚಾರಕ್ಕೆಂದು ಊರಿಗೆ ಹೋದ ಮೇಷ್ಟ್ರು ಗಂಟಲು ಕಟ್ಟಿಸಿಕೊಂಡು, ಬಿಸಿಲಿಗೆ ಕಪ್ಪಿಟ್ಟು ವಾಪಸಾದರು. ಊಟ ಸೇರದು, ನಿದ್ದೆ ಹತ್ತದು. ಕ್ಷೇತ್ರದ ಚರಿತ್ರೆಯನ್ನೂ ಹೇಳುತ್ತಿರಲಿಲ್ಲ ಎಂದರೆ ನೀವೇ ಲೆಕ್ಕ ಹಾಕಿ! ನಮ್ಮ ಬೀದಿಗೆಲ್ಲ ಒಂದೇ ಕುತೂಹಲ: ಈ ಸಲವೂ ಮೈಸೂರು ಪಾಕು ಎಣಿಕೆಗೆ ಮುಂಚೆಯೇ ಬರುತ್ತದೋ, ಹುಡುಗ ಗೆದ್ದರೆ ಮಾತ್ರವೋ?

ಎಣಿಕೆಯ ದಿನ ಬೆಳಿಗ್ಗೆ ಅವರು ಹೊರಗೇ ಬರಲಿಲ್ಲ. ಮಧ್ಯಾಹ್ನ ಟೀವಿಯಲ್ಲಿ ಹುಡುಗ ಸೋತ ಸುದ್ದಿ ಬಂತು. ಈ ಸಲ ಪಾಕು ಇಲ್ಲ ಬಿಡಿ ಎಂದುಕೊಂಡೆವು. ಸಂಜೆ ನಮ್ಮ ಬಾಗಿಲಲ್ಲಿ ಮೇಷ್ಟ್ರು! ಕೈಯಲ್ಲಿ ಡಬ್ಬ, ಕಣ್ಣು ಕೆಂಪಗೆ.

"ಅಳಿಯ ಸೋತಿದಾನೆ, ಇದ್ಯಾಕೆ ಮೇಷ್ಟ್ರೇ?" ಅಂದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ!

ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಮೊದಲೆಲ್ಲ ಓಟು ಕೇಳುವವರು ಊರಿನ ದೊಡ್ಡಮನೆ ಜಗಲಿಯಲ್ಲಿ ಕೂತು ಇವರ ಕೇರಿಗೆ ಹೇಳಿಕಳಿಸುತ್ತಿದ್ದರಂತೆ. ಇವರ ಅವ್ವ ಹೋಗಿ, ಅಂಗಳದಲ್ಲಿ ನಿಂತು, ತಲೆಯಾಡಿಸಿ ಬರುತ್ತಿದ್ದಳಂತೆ. ಕ್ಷೇತ್ರ ಮೀಸಲಾದ ಮೊದಲ ಚುನಾವಣೆಯಲ್ಲಿ ಅಭ್ಯರ್ಥಿಗಳೆಲ್ಲ ಕೇರಿಗೇ ಬಂದರು. ಅವ್ವನ ಚಾಪೆಯ ಮೇಲೆ ಕೂತರು, ನೀರು ಕೇಳಿ ಕುಡಿದರು. ಅವ್ವ ಓಟು ಹಾಕಿದವನು ಸೋತ. ಆದರೂ ಅವಳು ಕೇರಿಗೆಲ್ಲ ಬೆಲ್ಲ ಹಂಚಿದಳು. ಮೇಷ್ಟ್ರೂ ನನ್ನ ಹಾಗೆಯೇ ಯಾಕೆ ಎಂದು ಕೇಳಿದರಂತೆ.

"ಏನಂದ್ಲು ಗೊತ್ತಾ? 'ಸೋತೋನೂ ನಮ್ಮನೇಲಿ ನೀರು ಕುಡ್ದ, ಗೆದ್ದೋನೂ ಕುಡ್ದ. ಗೆದ್ದೋಳು ನಾನು ಕಣ್ ಮಗಾ' ಅಂದ್ಲು."

ಅಷ್ಟು ಹೇಳಿ ಮೇಷ್ಟ್ರು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಅವರು ಅತ್ತದ್ದು ಅಳಿಯನಿಗಾಗಿಯೋ ಅವ್ವನಿಗಾಗಿಯೋ, ನಾನು ಕೇಳಲಿಲ್ಲ.